ಹೆಸರು ಅವರದ್ದು, ಸಂಘ ನಮ್ಮದು: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಸಂಘ ರಿಜಿಸ್ಟರ್ ಮಾಡಿಸೋದು ಹೇಗೆ ಅಂತ ಬರೆದಿದ್ವಲ್ಲ, ಅದಾದ ಮೇಲೆ ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯಿಂದ ಬಂದ ಪತ್ರಗಳಲ್ಲಿ ಒಂದೇ ತರದ ವಿಚಾರ ಜಾಸ್ತಿ ಇತ್ತು. ಹೊರದೇಶದ ದೊಡ್ಡ ಸಂಸ್ಥೆ ಜೊತೆ ಸೇರಿದ್ರೆ ನಮ್ಮ ಸಂಘ ಯಾರ ಮಾತು ಕೇಳಬೇಕು ಅನ್ನೋದು. ಹಾಗಾಗಿ ಈ ತಿಂಗಳ ಅಂಕಣ ಪೂರ್ತಿ ಇದಕ್ಕೇ.

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನಲ್ಲಿ ಕಾಡು, ಹೊಳೆ, ರಾಮಪತ್ರೆ ಜಡ್ಡಿ (ಕಾಡಿನೊಳಗಿನ ಜೌಗು) ಉಳಿಸೋ ಕೆಲಸ ಮಾಡೋ ಸಣ್ಣ ಸಂಘ, ರಿಜಿಸ್ಟರ್ ಆಗಿದೆ. ಯುರೋಪಿನ ಒಂದು ಸಂಸ್ಥೆಯವರು ಬಂದು ಎಲ್ಲ ನೋಡಿಕೊಂಡು ಹೋಗಿ, ನೀವೇ ನಮ್ಮ ಭಾರತದ ಶಾಖೆ ಆಗಿ ಅಂತ ಒಪ್ಪಂದದ ಕರಡು ಕಳಿಸಿದಾರೆ. ಹುಡುಗರಿಗೆ ಖುಷಿ, ಹಿರಿಯರಿಗೆ ಅನುಮಾನ. ಸಹಿ ಹಾಕೋದಾ ಬ್ಯಾಡದಾ? – ಸಾಗರದ ಓದುಗರು

ಉತ್ತರ: ಸಹಿ ವಿಚಾರ ಆಮೇಲೆ ನೋಡೋಣ. ಮೊದಲು ಆ ಕರಡಲ್ಲಿ ನಿಮ್ಮನ್ನ ಎಲ್ಲಿ ಕೂರಿಸಿದಾರೆ ಅಂತ ನೋಡಿ. ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್‌ಗೆ ಸಾಗರದಲ್ಲಿ ಬ್ರಾಂಚ್ ಇದೆ, ತೀರ್ಥಹಳ್ಳಿಯಲ್ಲಿ ಇದೆ. ಆ ಬ್ರಾಂಚಿಗೆ ಅಂತ ಬೇರೆ ಬೈಲಾ ಇಲ್ಲ, ಬೇರೆ ಆಡಳಿತ ಮಂಡಳಿ ಇಲ್ಲ, ಶಿವಮೊಗ್ಗದ ಹೆಡ್ಡಾಫೀಸು ಹೇಳಿದ ಹಾಗೆ ನಡೀತದೆ. ಅದೇ ನಿಮ್ಮೂರಿನ ಸೊಸೈಟಿ ತಗೊಳ್ಳಿ, ಅದು ಡಿಸಿಸಿ ಬ್ಯಾಂಕಿಗೆ ಸೇರಿದ್ದರೂ ಅದರದ್ದೇ ಷೇರುದಾರರು ಇರ್ತಾರೆ, ಅದರದ್ದೇ ಎಲೆಕ್ಷನ್, ಅದರದ್ದೇ ಆಡಿಟ್, ಮೇಲಿನ ಬ್ಯಾಂಕಿನ ಬೋರ್ಡಿಗೆ ಕೆಳಗಿನ ಸೊಸೈಟಿಗಳೇ ವೋಟ್ ಹಾಕಿ ಜನ ಕಳಿಸ್ತವೆ. ಹೊರದೇಶದ ಸಂಸ್ಥೆಯವರು ಬಾಯಲ್ಲಿ ಹೇಳೋದು ಎರಡನೇ ತರದ್ದು, ಕಾಗದದಲ್ಲಿ ಬರೆದಿರೋದು ಎಷ್ಟೋ ಸಲ ಮೊದಲನೇ ತರದ್ದು. ಅದನ್ನ ಕಂಡುಹಿಡಿಯೋಕೆ ಎರಡು ಸಾಲು ಹುಡುಕಿದ್ರೆ ಸಾಕು: ಕಾರ್ಯಕಾರಿ ಸಮಿತಿಯನ್ನ ಯಾರು ನೇಮಿಸ್ತಾರೆ, ಬೈಲಾ ತಿದ್ದೋಕೆ ಯಾರ ಒಪ್ಪಿಗೆ ಬೇಕು.

ನಮ್ಮ ದೇಶದಲ್ಲಿ ಹೆಸರು ಮಾಡಿದ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಸುಮಾರಷ್ಟು ಇಲ್ಲಿಯ ಕಾನೂನಿನ ಕೆಳಗೆ ಬೇರೆಯೇ ಸಂಸ್ಥೆ ಮಾಡಿಕೊಂಡು ನಡೀತಾ ಬಂದಿವೆ. ಡಬ್ಲ್ಯುಡಬ್ಲ್ಯುಎಫ್ ಇಂಡಿಯಾ 1969ರಲ್ಲಿ ಟ್ರಸ್ಟ್ ಆಗಿ ಶುರುವಾಗಿದ್ದು. ರೆಡ್ ಕ್ರಾಸ್‌ಗಂತೂ 1920ರಲ್ಲೇ ಒಂದು ಪ್ರತ್ಯೇಕ ಕಾಯ್ದೆ ಆಯ್ತು, ರಾಷ್ಟ್ರಪತಿಗಳು ಅದಕ್ಕೆ ಅಧ್ಯಕ್ಷರು, ರಾಜ್ಯ ಶಾಖೆಗೆ ರಾಜ್ಯಪಾಲರು, ನಮ್ಮ ಜಿಲ್ಲೆಗೆ ಬಂದ್ರೆ ಡಿಸಿ. ಇದರ ಅರ್ಥ ಏನು ಅಂದ್ರೆ ಜಿನೀವಾದ ರೆಡ್ ಕ್ರಾಸ್ ಅಂತರರಾಷ್ಟ್ರೀಯ ಕಚೇರಿಯಲ್ಲಿ ಕೂತವರು ಇಲ್ಲಿಯ ಸಮಿತಿಯನ್ನ ನೇರವಾಗಿ ಬದಲಾಯಿಸೋಕೆ ಆಗಲ್ಲ.

ನಿಮ್ಮ ವಿಚಾರದಲ್ಲೂ ಅಷ್ಟೇ. ನೀವು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ರಿಜಿಸ್ಟರ್ ಆದವರು, ನಿಮ್ಮ ಸಮಿತಿ ಆರಿಸೋದು ನಿಮ್ಮ ಮಹಾಸಭೆ. ಯುರೋಪಿನವರು ನಿಮ್ಮ ಅಧ್ಯಕ್ಷರನ್ನ ತೆಗೆಯೋಕೆ ಆಗಲ್ಲ. ಆದ್ರೆ ಅವರ ಕೈಲಿ ಒಂದು ಬಲವಾದ ಅಸ್ತ್ರ ಇದೆ, ಅದು ಹೆಸರು. ಹೆಸರು, ಲೋಗೋ ಬಳಸೋಕೆ ಕೊಟ್ಟ ಅನುಮತಿ ವಾಪಸ್ ತಗೊಂಡ್ರೆ ಆಯ್ತು, ಬೋರ್ಡು, ಲೆಟರ್‌ಹೆಡ್ಡು, ವೆಬ್‌ಸೈಟು ಎಲ್ಲ ಒಂದೇ ದಿನಕ್ಕೆ ಇಳಿಸಬೇಕಾಗತ್ತೆ. ಹಾಗಾಗಿ ಕರಡಿನಲ್ಲಿ ಬೇರೆ ಪುಟ ಓದದಿದ್ದರೂ ಪರವಾಗಿಲ್ಲ, ಹೆಸರು ವಾಪಸ್ ತಗೊಳ್ಳೋ ಕಲಮು ಮಾತ್ರ ಕನ್ನಡಕ್ಕೆ ತರ್ಜುಮೆ ಮಾಡಿಸಿ ಮಹಾಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಯಾವ ಕಾರಣಕ್ಕೆ ತಗೋಬಹುದು, ಕಾರಣ ಬರಹದಲ್ಲಿ ಕೊಡ್ತಾರಾ, ಎಷ್ಟು ದಿನದ ನೋಟಿಸು, ನಮ್ಮ ಮಾತು ಕೇಳೋರು ಯಾರು, ಅಪೀಲು ಎಲ್ಲಿಗೆ, ಇಷ್ಟೂ ಅದರಲ್ಲಿ ಇರಬೇಕು. 'ಪ್ರಧಾನ ಕಚೇರಿಗೆ ಸರಿ ಕಂಡಾಗ' ಅಂತ ಒಂದೇ ಸಾಲಲ್ಲಿ ಮುಗಿಸಿದ್ದರೆ ತಿದ್ದಿಸಿ ಅಂತ ಹೇಳಿ, ತಿದ್ದಲ್ಲ ಅಂದ್ರೆ ಸಹಿ ಬೇಡ.

ಇನ್ನೊಂದು ಮಾತು, ನಿಮ್ಮ ಸಂಘದ ಹಳೇ ಹೆಸರು ಬಿಡಬೇಡಿ ಮಾರಾಯ್ರೆ. ರಿಜಿಸ್ಟರ್ ಆದ ಹೆಸರು ಹಾಗೇ ಇರಲಿ, ಅದರ ಕೆಳಗೆ 'ಇಂಥ ಸಂಸ್ಥೆಯ ಭಾರತದ ಸಹಯೋಗಿ' ಅಂತ ಹಾಕಿಕೊಳ್ಳಿ. ಊರಿನ ಜನ, ಅರಣ್ಯ ಇಲಾಖೆಯವರು, ಪಂಚಾಯ್ತಿಯವರು ನಿಮ್ಮನ್ನ ನಂಬಿರೋದು ಆ ಹಳೇ ಹೆಸರಲ್ಲಿ. ಹೊಳೆ, ಮರಗಳ ಬಗ್ಗೆ ವರ್ಷಗಟ್ಟಲೆ ಸೇರಿಸಿದ ಮಾಹಿತಿ, ಫೋಟೋ, ದಾನಿಗಳ ಪಟ್ಟಿ ಇದೆಲ್ಲ ಒಪ್ಪಂದ ಮುರಿದ ಮೇಲೆ ಯಾರ ಹತ್ರ ಉಳಿಯತ್ತೆ ಅನ್ನೋದನ್ನೂ ಈಗಲೇ ಬರೆಸಿ.

ಮೂರನೇದು ಸದಸ್ಯತ್ವ, ನನಗೆ ಅತಿ ಮುಖ್ಯ ಅನಿಸೋದು ಇದೇ. ಹೊರಗಿನವರಿಗೆ ಸಾಮಾನ್ಯವಾಗಿ ಬೆಂಗಳೂರು, ಡೆಲ್ಲಿಯಲ್ಲಿ ಇಂಗ್ಲಿಷ್ ಮಾತಾಡೋ ಐದಾರು ಜನರ ಬೋರ್ಡ್ ಇದ್ರೆ ಅನುಕೂಲ, ಮೇಲ್ ಕಳಿಸಿದ್ರೆ ಸಂಜೆ ಒಳಗೆ ಉತ್ತರ ಬರತ್ತೆ. ಆಗ ಏನಾಗತ್ತೆ, ಜಡ್ಡಿ ಪಕ್ಕದ ಊರಲ್ಲಿ ಇದ್ದು ಮರ ಕಾಯ್ದವರು 'ಸ್ವಯಂಸೇವಕರು' ಆಗ್ತಾರೆ, ಅವರ ವೋಟು ಹೋಗತ್ತೆ. ಕಾಯ್ದೆ ಪ್ರಕಾರ ಸಂಘ ಮಾಡೋಕೆ ಏಳು ಜನ ಸಾಕು, ಏಳಕ್ಕೇ ನಿಲ್ಲಿಸಿ ಅಂತ ಕಾಯ್ದೆ ಹೇಳಿಲ್ಲ. ಒಂದು ಮೂರಾಂಶ ಸದಸ್ಯರು ಸೇರಿ ಅರ್ಜಿ ಕೊಟ್ರೆ ಸಂಘದ ವ್ಯವಹಾರದ ಮೇಲೆ ರಿಜಿಸ್ಟ್ರಾರ್ ವಿಚಾರಣೆ ನಡೆಸಬಹುದು. ಆ ಹಕ್ಕು ಇರೋದು ಸದಸ್ಯರಿಗೆ, ಸ್ವಯಂಸೇವಕರಿಗೆ ಅಲ್ಲ. ಸಮಿತಿ ದಾರಿ ತಪ್ಪಿದ್ರೆ ಯುರೋಪಿನಿಂದ ಯಾರೋ ವರ್ಷಕ್ಕೊಮ್ಮೆ ಬಂದು ಕಂಡುಹಿಡಿಯೋದಕ್ಕಿಂತ ಮೊದಲೇ ಊರಿನ ಸದಸ್ಯರಿಗೆ ಗೊತ್ತಾಗಿರತ್ತೆ, ಅವರಿಗೆ ಕೇಳೋ ಅಧಿಕಾರ ಇರಬೇಕು ಅಷ್ಟೇ.

ಸಂಘ ಎಷ್ಟು ಗಟ್ಟಿ ಇದೆ ಅಂತ ನೋಡೋಕೆ ನಾನು ಮೊದಲು ಕೇಳೋದು ನಡಾವಳಿ ಪುಸ್ತಕ. ಠರಾವು ಮುಗಿದ ಸಾಲಿಗೂ ಅಧ್ಯಕ್ಷರ ಸಹಿಗೂ ಮಧ್ಯೆ ನಾಲ್ಕು ಬೆರಳು ಜಾಗ ಬಿಟ್ಟಿದ್ರೆ ಅಲ್ಲಿ ಆಮೇಲೆ ಏನು ಬೇಕಾದ್ರೂ ಬರೀಬಹುದು. ಹಾಜರಾತಿ ಸಹಿಗಳೆಲ್ಲ ಒಂದೇ ಪೆನ್ನು, ಒಂದೇ ಒತ್ತಡದಲ್ಲಿ ಇದ್ರೆ ಸಭೆ ನಡೆದಿದ್ಯಾ ಅಂತ ಕೇಳಲೇಬೇಕು. 'ಒಪ್ಪಂದಕ್ಕೆ ಒಪ್ಪಿಗೆ ನೀಡಲಾಯಿತು' ಅಂತ ಬರೆದು ಒಪ್ಪಂದದ ಪ್ರತಿ ಅಂಟಿಸದೇ ಇದ್ರೆ ಯಾವ ಒಪ್ಪಂದಕ್ಕೆ ಒಪ್ಪಿದ್ರು ಅಂತ ನಾಳೆ ಯಾರಿಗೂ ಹೇಳೋಕೆ ಆಗಲ್ಲ. ಠರಾವಿನ ಕೆಳಗೆ ಗೆರೆ ಎಳೆದು ಅದಕ್ಕೆ ತಾಗಿ ಸಹಿ, ಕರಡಿನ ಪ್ರತಿ ಪುಟಕ್ಕೂ ಇನಿಷಿಯಲ್, ಮಹಾಸಭೆ ಆಗಿ 14 ದಿನದ ಒಳಗೆ ಸಮಿತಿ ಪಟ್ಟಿ, ಆಡಿಟ್ ಆದ ಲೆಕ್ಕ ರಿಜಿಸ್ಟ್ರಾರ್ ಆಫೀಸಿಗೆ. ಇಷ್ಟು ಸರಿ ಇದ್ರೆ ಹೊರಗಿನವರ ಎದುರು ಮಾತಾಡೋಕೆ ನಿಮಗೆ ಧೈರ್ಯ ಇರತ್ತೆ.

ಹಾಗಂತ ಹೆಡ್ಡಾಫೀಸಿನವರು ಏನೂ ಕೇಳಬಾರದು ಅಂತಲ್ಲ. ಹೆಸರು ಒಂದೇ ಆದ ಮೇಲೆ ಒಬ್ಬರು ಮಾಡಿದ್ದು ಎಲ್ಲರಿಗೂ ತಾಗತ್ತೆ. ಹೈಟಿಯಲ್ಲಿ 2010ರ ಭೂಕಂಪ ಆದ ಮೇಲೆ ಅಲ್ಲಿ ಕೆಲಸಕ್ಕೆ ಹೋಗಿದ್ದ ಪರಿಹಾರ ಸಂಸ್ಥೆ ಆಕ್ಸ್‌ಫ್ಯಾಮ್ ಬ್ರಿಟನ್‌ನ ಕೆಲವು ಸಿಬ್ಬಂದಿ ಅಲ್ಲಿಯ ಹೆಣ್ಣುಮಕ್ಕಳ ಜೊತೆ ಕೆಟ್ಟದಾಗಿ ನಡಕೊಂಡ ವಿಷಯ 2018ರಲ್ಲಿ ಪತ್ರಿಕೆಯಲ್ಲಿ ಬಂತು. ತಪ್ಪು ಮಾಡಿದ್ದು ಒಂದು ದೇಶದ ಶಾಖೆಯವರು, ಆದ್ರೆ ಏಟು ಬಿದ್ದಿದ್ದು ಆ ಹೆಸರು ಇಟ್ಟುಕೊಂಡ ಎಲ್ಲ ದೇಶದವರಿಗೂ, ಸಾವಿರಾರು ದಾನಿಗಳು ತಿಂಗಳ ವಂತಿಗೆ ನಿಲ್ಲಿಸಿದ್ರು. ಹಾಗಾಗಿ ಹೆಣ್ಣುಮಕ್ಕಳ, ಮಕ್ಕಳ ಸುರಕ್ಷತೆ ನಿಯಮ, ಆಡಿಟ್, ದೂರು ಕೇಳೋ ವ್ಯವಸ್ಥೆ ಇದನ್ನೆಲ್ಲ ಅವರು ಕೇಳಿದ್ರೆ ಬೇಜಾರು ಮಾಡ್ಕೋಬೇಡಿ, ಅದನ್ನ ಒಪ್ಪಿಕೊಳ್ಳಿ.

ಪ್ರಶ್ನೆ: ನಾವು ಇಲ್ಲಿ ನಿಯಮ ಪ್ರಕಾರ ಎಲೆಕ್ಷನ್ ಮಾಡಿ ಆರಿಸಿದವರನ್ನ ಅಂತರರಾಷ್ಟ್ರೀಯ ಕಚೇರಿ ಬೇಡ ಅಂದ್ರೆ ಏನಾಗತ್ತೆ? ಹೀಗೆ ಎಲ್ಲಾದ್ರೂ ಆಗಿದ್ಯಾ? – ಶಿವಮೊಗ್ಗದ ನಿವೃತ್ತ ಬ್ಯಾಂಕ್ ಅಧಿಕಾರಿ

ಉತ್ತರ: ಆಗಿದೆ ಸರ್. 2023ರಲ್ಲಿ ಬೆಲಾರಸ್ ರೆಡ್ ಕ್ರಾಸ್ ಮುಖ್ಯಸ್ಥರು ಉಕ್ರೇನಿನ ಮಕ್ಕಳನ್ನ ತಮ್ಮ ದೇಶಕ್ಕೆ ಕರ್ಕೊಂಡು ಬರೋದರಲ್ಲಿ ತಮ್ಮ ಸಂಸ್ಥೆ ಪಾತ್ರ ಇದೆ ಅಂತ ಹೇಳಿಕೆ ಕೊಟ್ರು, ಯುದ್ಧದಲ್ಲಿ ಯಾವ ಪಕ್ಷವನ್ನೂ ಹಿಡೀಬಾರದು ಅನ್ನೋ ರೆಡ್ ಕ್ರಾಸ್ ಮೂಲ ತತ್ವಕ್ಕೆ ಅದು ವಿರೋಧ ಅಂತ ಗಲಾಟೆ ಆಯ್ತು. ಎಲ್ಲ ದೇಶಗಳ ರೆಡ್ ಕ್ರಾಸ್ ಸಂಸ್ಥೆಗಳು ಸೇರಿದ ಜಿನೀವಾದ ಒಕ್ಕೂಟ ಅವರನ್ನ ತೆಗೀರಿ ಅಂತ ನವೆಂಬರ್ 30ರ ಗಡುವು ಕೊಡ್ತು, ಬೆಲಾರಸ್‌ನವರು ತೆಗೀಲಿಲ್ಲ, ಡಿಸೆಂಬರ್ 1ಕ್ಕೆ ಬೆಲಾರಸ್ ಸಂಸ್ಥೆಯ ಸದಸ್ಯತ್ವ ಅಮಾನತಾಯ್ತು. ಗಮನಿಸಿ, ಒಕ್ಕೂಟ ಅವರನ್ನ ಕುರ್ಚಿಯಿಂದ ಇಳಿಸಲಿಲ್ಲ, ಇಳಿಸೋ ಅಧಿಕಾರ ಅದಕ್ಕಿಲ್ಲ. ಸಂಸ್ಥೆಯನ್ನ ಒಕ್ಕೂಟದ ಸಭೆಯಿಂದ ಹೊರಗಿಟ್ಟರು.

1999ರಲ್ಲಿ ಕೊಸೊವೊ ಯುದ್ಧದ ಹೊತ್ತಲ್ಲಿ, ಯುದ್ಧ, ವಿಪತ್ತಿನ ಜಾಗದಲ್ಲಿ ಚಿಕಿತ್ಸೆ ಕೊಡೋ ವೈದ್ಯರ ಸಂಸ್ಥೆ ಎಂಎಸ್ಎಫ್‌ನ ಗ್ರೀಸ್ ಶಾಖೆ ಉಳಿದವರ ಒಪ್ಪಿಗೆ ಇಲ್ಲದೇ ತಾನೇ ಬೇರೆ ವೈದ್ಯರ ತಂಡ ಕಳಿಸ್ತು, ಅದನ್ನ ಹೊರಗೆ ಹಾಕಿದ್ರು, ಕೆಲವು ವರ್ಷ ಆದ ಮೇಲೆ ಮತ್ತೆ ಸೇರಿಸಿಕೊಂಡ್ರು. ಎಂಎಸ್ಎಫ್‌ಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂದಿದ್ದೂ ಅದೇ ವರ್ಷ.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕು ಅಂದ್ರೆ ವಿಕಿಮೀಡಿಯಾ ಇಂಡಿಯಾ ಚಾಪ್ಟರ್ ಇದೆ, ಅಂದ್ರೆ ವಿಕಿಪೀಡಿಯಾ ನಡೆಸೋ ವಿಕಿಮೀಡಿಯಾ ಫೌಂಡೇಷನ್ನಿನ ಭಾರತದ ಶಾಖೆ. 2011ರಲ್ಲಿ ಬೆಂಗಳೂರಲ್ಲಿ ಸಂಘ ಅಂತ ರಿಜಿಸ್ಟರ್ ಆಯ್ತು, ಅಮೆರಿಕದ ಫೌಂಡೇಷನ್ ಜೊತೆ ಒಪ್ಪಂದ ಇತ್ತು, ಆಮೇಲೆ ಒಪ್ಪಂದದ ಷರತ್ತು ಪೂರೈಸಿಲ್ಲ ಅಂತ 2019ರಲ್ಲಿ ಮಾನ್ಯತೆ ಹೋಯ್ತು. ಆದ್ರೆ ಕನ್ನಡ ವಿಕಿಪೀಡಿಯಾ ನಿಲ್ಲಲಿಲ್ಲ. ಬರೆಯೋರು ಬರೀತಾನೇ ಇದ್ರು, ಕರಾವಳಿ ಕಡೆ ಇದ್ದ ಸಣ್ಣ ಬಳಗ ತನ್ನ ಕೆಲಸ ಮುಂದುವರಿಸ್ತು. ಯಾಕಂದ್ರೆ ಅಲ್ಲಿ ಬರೆಯೋ ಕೆಲಸ ಚಾಪ್ಟರಿನ ಕೈಲಿ ಇರಲಿಲ್ಲ. ಶಾಖೆ ಕಟ್ಟೋವಾಗ ಇದನ್ನ ನೋಡಿಕೊಳ್ಳಿ ಅಂತ ನನ್ನ ಒತ್ತಾಯ, ಮಾನ್ಯತೆ ಹೋದರೂ ಕೆಲಸ ನಿಲ್ಲಬಾರದು.

ನಿಮ್ಮ ಕೈಲಿ ಆಗೋದು ಇಷ್ಟು: ಎಲೆಕ್ಷನ್ನಿಗೆ ಮೊದಲೇ ಅಭ್ಯರ್ಥಿಗೆ ಬೇಕಾದ ಅರ್ಹತೆ, ಪಕ್ಷ ರಾಜಕೀಯದಲ್ಲಿ ಹುದ್ದೆ ಇಟ್ಟುಕೊಂಡವರು ನಿಲ್ಲಬಹುದಾ ಇಲ್ವಾ, ಒಬ್ಬರು ಎಷ್ಟು ಅವಧಿ ಇರಬಹುದು, ಇದನ್ನೆಲ್ಲ ಬೈಲಾದಲ್ಲೇ ಬರೆದು ಅಂತರರಾಷ್ಟ್ರೀಯ ನಿಯಮಕ್ಕೂ ಹೊಂದಿಸಿಕೊಳ್ಳಿ. ಗೆದ್ದು ಬಂದ ಮೇಲೆ ನಿಯಮ ಹುಡುಕೋಕೆ ಹೋದ್ರೆ ಅದು ವ್ಯಕ್ತಿ ಮೇಲಿನ ಜಗಳ ಆಗಿಬಿಡತ್ತೆ.

ಪ್ರಶ್ನೆ: ಮುಖ್ಯ ಕಚೇರಿಯಿಂದ ಬಂದ ದುಡ್ಡನ್ನ ನಾವು ಹೊಸನಗರ, ಸೊರಬದ ಸಣ್ಣ ಸಣ್ಣ ಮಹಿಳಾ ಸಂಘಗಳಿಗೆ ಹಂಚಬಹುದಾ? ಮುಂಚೆ ಹಾಗೇ ಮಾಡ್ತಿದ್ರು ಅಂತ ಕೇಳಿದೀನಿ. – ತೀರ್ಥಹಳ್ಳಿಯ ಶಿಕ್ಷಕಿ

ಉತ್ತರ: ಈಗ ಆಗಲ್ಲ ಮೇಡಂ. ಹೊರದೇಶದ ದುಡ್ಡು ತಗೊಳ್ಳೋಕೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದ್ರೆ ಎಫ್‌ಸಿಆರ್‌ಎ ಕೆಳಗೆ ಪರವಾನಗಿ ಬೇಕು. ಮುಂಚೆ ಎಫ್‌ಸಿಆರ್‌ಎ ಪರವಾನಗಿ ಇರೋ ಇನ್ನೊಂದು ಸಂಸ್ಥೆಗೆ ಕೊಡಬಹುದಿತ್ತು, 2020ರ ಸೆಪ್ಟೆಂಬರ್‌ನಲ್ಲಿ ಆದ ತಿದ್ದುಪಡಿಯಿಂದ ವಿದೇಶಿ ದೇಣಿಗೆಯನ್ನ ಬೇರೆ ಯಾರಿಗೂ ವರ್ಗಾಯಿಸೋ ಹಾಗಿಲ್ಲ, ಅವರಿಗೆ ಪರವಾನಗಿ ಇದ್ರೂ ಇಲ್ಲ. ಹಳ್ಳಿಯ ಸಣ್ಣ ಸಂಘಗಳಿಗೆ ಇದರಿಂದ ತುಂಬಾ ಪೆಟ್ಟು ಬಿದ್ದಿದೆ, ಡೆಲ್ಲಿಯವರ ಹತ್ರ ಪರವಾನಗಿ ಇರತ್ತೆ, ಕೆಲಸ ಮಾಡೋರು ಹೊಸನಗರದಲ್ಲಿ ಇರ್ತಾರೆ, ಮಧ್ಯದ ಸೇತುವೆಯೇ ತೆಗೆದ ಹಾಗಾಯ್ತು. ಇದನ್ನ ಸರ್ಕಾರ ಮತ್ತೆ ಯೋಚನೆ ಮಾಡಬೇಕು ಅಂತ ನನ್ನ ಅಭಿಪ್ರಾಯ. ಆದ್ರೆ ಕಾನೂನು ಇರೋವರೆಗೂ ಪಾಲಿಸಲೇಬೇಕು. ನಿಮ್ಮ ಸಂಘಕ್ಕೇ ಪರವಾನಗಿ ಇದ್ರೆ ನೀವೇ ನೇರವಾಗಿ ಕಾರ್ಯಕ್ರಮ ನಡೆಸಿ, ತರಬೇತಿ ಕೊಡೋರ ಸಂಭಾವನೆ, ಸಾಮಾನು, ಊಟದ ಬಿಲ್ಲು ಎಲ್ಲ ನಿಮ್ಮ ವೋಚರಲ್ಲೇ ಹಾಕಿ. ಇನ್ನೊಂದು ಸಂಘದ ಖಾತೆಗೆ ಇಡಿಗಂಟು ಹಾಕಬೇಡಿ.

ಉಳಿದ ನಿಯಮ ಚುಟುಕಾಗಿ ಹೇಳ್ತೀನಿ. ವಿದೇಶಿ ದುಡ್ಡು ಮೊದಲು ಬರಬೇಕಾಗಿರೋದು ಎಸ್‌ಬಿಐ ಹೊಸದೆಹಲಿ ಮುಖ್ಯ ಶಾಖೆಯ ಖಾತೆಗೆ, ಅಲ್ಲಿಂದ ನಿಮ್ಮೂರ ಬ್ಯಾಂಕಿನ ಖರ್ಚಿನ ಖಾತೆಗೆ ತರಿಸಿಕೋಬಹುದು. ಆಡಳಿತ ಖರ್ಚು ನೂರಕ್ಕೆ 20ರ ಒಳಗೆ ಇರಬೇಕು, ಮುಂಚೆ 50 ಇತ್ತು. ಪರವಾನಗಿ ಐದು ವರ್ಷಕ್ಕೆ ಮಾತ್ರ, ಪ್ರತಿ ವರ್ಷದ ಲೆಕ್ಕ ಡಿಸೆಂಬರ್ 31ರೊಳಗೆ ಹೋಗಬೇಕು. ಹೊಸದಾಗಿ ಪರವಾನಗಿ ಬೇಕು ಅಂದ್ರೆ ಸಂಘಕ್ಕೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಸಣ್ಣ ಸಂಘಕ್ಕೆ ಇದು ಭಾರ, ಗೊತ್ತು. ಅಷ್ಟು ಇಲ್ಲದವರು ಒಬ್ಬ ದಾನಿಯ ಒಂದು ಕೆಲಸಕ್ಕೆ ಮಾತ್ರ ಅಂತ ಪೂರ್ವಾನುಮತಿ ಕೇಳಬಹುದು. ಮುಖ್ಯ ಕಚೇರಿಯವರು 'ನಮ್ಮವರೊಬ್ಬರನ್ನ ನಿಮ್ಮ ಸಮಿತಿಗೆ ಹಾಕಿ' ಅಂತ ಕೇಳೋದುಂಟು, ವಿದೇಶಿಯರು ಪದಾಧಿಕಾರಿ ಆದ್ರೆ ಅರ್ಜಿಯನ್ನ ಸಾಮಾನ್ಯವಾಗಿ ಪರಿಗಣಿಸಲ್ಲ, ಅದನ್ನ ಅವರಿಗೆ ಮೊದಲೇ ತಿಳಿಸಿ.

ಪ್ರಶ್ನೆ: ಅಂತರರಾಷ್ಟ್ರೀಯ ಸಭೆಯಲ್ಲಿ ದೊಡ್ಡ ದೇಶ, ಸಣ್ಣ ದೇಶ ಎಲ್ಲರಿಗೂ ಒಂದೇ ವೋಟಾ? – ಭದ್ರಾವತಿಯ ಕಾಲೇಜು ವಿದ್ಯಾರ್ಥಿ

ಉತ್ತರ: ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ರೆಡ್ ಕ್ರಾಸ್ ಒಕ್ಕೂಟದ ಮಹಾಸಭೆ ಎರಡು ವರ್ಷಕ್ಕೊಮ್ಮೆ, ಅಲ್ಲಿ ಒಂದು ದೇಶದ ಸಂಸ್ಥೆಗೆ ಒಂದು ವೋಟು, 140 ಕೋಟಿ ಜನರ ಭಾರತಕ್ಕೂ ಒಂದೇ, ಪುಟ್ಟ ದ್ವೀಪ ಟುವಾಲುಗೂ ಒಂದೇ. ಸ್ಕೌಟ್ಸ್‌ನವರ ವಿಶ್ವ ಸಮ್ಮೇಳನ ಮೂರು ವರ್ಷಕ್ಕೊಮ್ಮೆ, ಪ್ರತಿ ದೇಶಕ್ಕೂ ಆರು ವೋಟು. ರೋಟರಿಯಲ್ಲಿ ಲೆಕ್ಕ ಬೇರೆ, ನಿಯಮ ತಿದ್ದೋ ಅವರ ಸಭೆಗೆ ಪ್ರತಿ ರೋಟರಿ ಡಿಸ್ಟ್ರಿಕ್ಟಿನಿಂದ ಒಬ್ಬರು ಹೋಗ್ತಾರೆ, ಹಾಗಾಗಿ ಕ್ಲಬ್ಬುಗಳು ಜಾಸ್ತಿ ಇರೋ ಭಾರತದ ದನಿ ಅಲ್ಲಿ ದೊಡ್ಡದು.

ಯಾವುದು ಸರಿ ಅಂದ್ರೆ, ನನಗೆ ದೇಶಕ್ಕೊಂದು ವೋಟೇ ಸರಿ ಕಾಣತ್ತೆ. ಜನಸಂಖ್ಯೆ ಲೆಕ್ಕಕ್ಕೋ ಕೊಟ್ಟ ದುಡ್ಡಿನ ಲೆಕ್ಕಕ್ಕೋ ವೋಟು ಹಂಚಿದ್ರೆ ನಾಲ್ಕೈದು ದೇಶದವರೇ ಎಲ್ಲ ತೀರ್ಮಾನ ಮಾಡ್ತಾರೆ, ಉಳಿದವರು ಬಂದು ಚಪ್ಪಾಳೆ ತಟ್ಟಿ ಹೋಗಬೇಕಾಗತ್ತೆ. ಆದ್ರೆ ವೋಟು ಸಮ ಇದ್ದ ಮಾತ್ರಕ್ಕೆ ಮಾತು ಸಮ ಆಗಲ್ಲ. ಸಭೆಯ ಕಾಗದ ಯಾವ ಭಾಷೆಯಲ್ಲಿ, ಎಷ್ಟು ದಿನ ಮೊದಲು ಬರತ್ತೆ, ಬಜೆಟ್ ಕರಡು ಮಾಡೋರು ಯಾರು, ವಿಮಾನದ ಟಿಕೆಟ್ ಯಾರು ಕೊಡ್ತಾರೆ, ಇದರಲ್ಲೆಲ್ಲ ಅಧಿಕಾರ ಅಡಗಿರತ್ತೆ. ಆಕ್ಷನ್‌ಏಡ್ ತನ್ನ ಅಂತರರಾಷ್ಟ್ರೀಯ ಕಚೇರಿಯನ್ನ ಲಂಡನ್ನಿಂದ ಜೊಹಾನ್ಸ್‌ಬರ್ಗಿಗೆ ತಗೊಂಡು ಹೋಯ್ತು, ಆಕ್ಸ್‌ಫ್ಯಾಮ್ ನೈರೋಬಿಗೆ ಹೋಯ್ತು, ಒಳ್ಳೇ ಹೆಜ್ಜೆನೇ, ಆದ್ರೆ ಬಜೆಟ್ ಎಲ್ಲಿ ತೀರ್ಮಾನ ಆಗತ್ತೆ ಅಂತ ಕೇಳೋದು ಬಿಡಬಾರದು.

ಪ್ರಶ್ನೆ: ಒಂದೇ ದೇಶದಲ್ಲಿ ಎರಡು ಶಾಖೆ ಇರಬಹುದಾ? ನಮಗೂ ಬೆಂಗಳೂರಿನವರಿಗೂ ಹೊಂದಿಕೆ ಆಗ್ತಿಲ್ಲ. – ಕೊಪ್ಪದ ಓದುಗರು

ಉತ್ತರ: ರೆಡ್ ಕ್ರಾಸ್‌ನಲ್ಲಿ ಸಾಧ್ಯವೇ ಇಲ್ಲ, 1965ರಲ್ಲಿ ವಿಯೆನ್ನಾದಲ್ಲಿ ಘೋಷಿಸಿದ ಏಳು ತತ್ವಗಳಲ್ಲಿ ಏಕತೆ ಅನ್ನೋದು ಒಂದು, ದೇಶಕ್ಕೆ ಒಂದೇ ಸಂಸ್ಥೆ. ಸ್ಕೌಟ್ಸ್‌ನಲ್ಲೂ ಅದೇ ನಿಯಮ, ಇಲ್ಲಿ ಬೇರೆ ಬೇರೆ ಇದ್ದ ಸ್ಕೌಟ್ ಸಂಸ್ಥೆಗಳು ಒಂದಾಗಿ 1950ರ ನವೆಂಬರ್ 7ಕ್ಕೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆಯ್ತು. ನಿಮ್ಮ ಸಂಸ್ಥೆಯ ನಿಯಮ ಹೇಗಿದೆ ಅಂತ ಪತ್ರದಲ್ಲಿ ಬರೆದಿಲ್ಲ. ನನ್ನ ಸಲಹೆ, ಎರಡನೇ ಶಾಖೆ ಕೇಳೋ ಮೊದಲು ರಾಷ್ಟ್ರೀಯ ಸಮಿತಿಯಲ್ಲಿ ಬೆಂಗಳೂರಿನ ಹೊರಗಿನವರಿಗೆ ಇಷ್ಟು ಸೀಟು ಅಂತ ಬೈಲಾದಲ್ಲೇ ಕೇಳಿ, ಆನ್‌ಲೈನ್‌ನಲ್ಲಿ ಸಭೆ ಸೇರೋಕೆ, ವೋಟ್ ಹಾಕೋಕೆ ಅವಕಾಶ ಕೇಳಿ. ಮಳೆಗಾಲದಲ್ಲಿ ಕೊಪ್ಪದಿಂದ ರಾತ್ರಿ ಬಸ್ಸು ಹತ್ತಿ ಎರಡು ಗಂಟೆ ಸಭೆಗೆ ಬೆಂಗಳೂರಿಗೆ ಹೋಗೋದು ಎಲ್ಲರ ಕೈಲಿ ಆಗಲ್ಲ, ಆ ಕಾರಣಕ್ಕೇ ಮಲೆನಾಡಿನವರು ಸಮಿತಿಯಿಂದ ಹೊರಗೆ ಉಳೀತಿದ್ದಾರೆ ಅಂದ್ರೆ ಅದನ್ನ ಸರಿ ಮಾಡೋದು ಬೆಂಗಳೂರಿನವರ ಹೊಣೆ.

ಪ್ರಶ್ನೆ: ಮುಖ್ಯ ಸಂಸ್ಥೆ ಭಾರತದ ಕೆಲಸ ನಿಲ್ಲಿಸ್ತೀವಿ ಅಂತ ಹೇಳಿದೆ. ಅವರ ದುಡ್ಡಲ್ಲಿ ಕಟ್ಟಿದ ಸಣ್ಣ ಕಟ್ಟಡ, ಒಂದು ಜೀಪು ನಮ್ಮ ಸಂಘದ ಹೆಸರಲ್ಲಿದೆ. ಅದು ಯಾರದ್ದು? ಸಂಘ ಮುಚ್ಚಿಬಿಡೋಣ ಅಂತಾನೂ ಕೆಲವರು ಹೇಳ್ತಿದಾರೆ. – ಹೊಸನಗರದ ಓದುಗರು

ಉತ್ತರ: ಸಂಘ ಮುಚ್ಚೋ ಮಾತು ಸದ್ಯ ನಿಲ್ಲಿಸಿ. ಮುಖ್ಯ ಸಂಸ್ಥೆ ಹೋದ್ರೆ ಅವರ ಹೆಸರು ಹೋಗತ್ತೆ, ನಿಮ್ಮ ನೋಂದಣಿ ಹೋಗಲ್ಲ. ಕಟ್ಟಡ, ಜೀಪು ಸಂಘದ ಹೆಸರಲ್ಲಿ ಇದ್ರೆ ಅದು ಸಂಘದ್ದು, ಸದಸ್ಯರದ್ದೂ ಅಲ್ಲ, ಅವರದ್ದೂ ಅಲ್ಲ, ಒಪ್ಪಂದದಲ್ಲಿ ಬೇರೆ ಏನಾದ್ರೂ ಬರೆದಿದ್ದರೆ ಮಾತ್ರ ನೋಡಬೇಕು. ಸಂಘ ವಿಸರ್ಜನೆ ಮಾಡಿದ್ರೂ ಉಳಿದ ಆಸ್ತಿ ಸದಸ್ಯರು ಹಂಚಿಕೊಳ್ಳೋ ಹಾಗಿಲ್ಲ.

ಎಚ್ಚರ ಇರಬೇಕಾದ್ದು ಎಫ್‌ಸಿಆರ್‌ಎ ವಿಚಾರದಲ್ಲಿ. ಇನ್ನು ವಿದೇಶಿ ದುಡ್ಡು ಬರಲ್ಲವಲ್ಲ ಅಂತ ಪರವಾನಗಿ ಒಪ್ಪಿಸಿಬಿಟ್ರೆ, ಅಥವಾ ಲೆಕ್ಕ ಕಳಿಸದೇ ಅದು ರದ್ದಾದ್ರೆ, ವಿದೇಶಿ ದೇಣಿಗೆಯಲ್ಲಿ ಮಾಡಿದ ಆಸ್ತಿ ಸರ್ಕಾರ ನೇಮಿಸಿದ ಪ್ರಾಧಿಕಾರದ ವಶಕ್ಕೆ ಹೋಗತ್ತೆ. ಕಾಯ್ದೆಯ 15ನೇ ಕಲಮು ಇರೋದೇ ಹಾಗೆ. ಅದಕ್ಕೇ ದುಡ್ಡು ಬರದೇ ಇದ್ರೂ ಶೂನ್ಯ ಲೆಕ್ಕವನ್ನಾದ್ರೂ ಪ್ರತಿ ವರ್ಷ ಕಳಿಸ್ತಾ ಇರಿ. ಕಟ್ಟಡಕ್ಕೆ ಊರಿನವರು ಕೊಟ್ಟ ದುಡ್ಡು, ಮರ, ಕಲ್ಲು, ಶ್ರಮದಾನ ಏನಾದ್ರೂ ಸೇರಿದ್ರೆ ಆ ರಸೀದಿ, ಠರಾವು, ಫೋಟೋ ಎಲ್ಲ ಈಗಲೇ ಹುಡುಕಿ ಬೇರೆ ಫೈಲ್ ಮಾಡಿ, ಯಾವ ಭಾಗ ಯಾರ ದುಡ್ಡಲ್ಲಿ ಆಯ್ತು ಅಂತ ತೋರಿಸೋಕೆ ಅದು ಬೇಕಾಗತ್ತೆ. ಅದೆಲ್ಲ ತಗೊಂಡು ಎಫ್‌ಸಿಆರ್‌ಎ ಕೆಲಸ ಮಾಡಿ ಗೊತ್ತಿರೋ ಸಿಎ ಒಬ್ಬರನ್ನ ಕಂಡು ಬನ್ನಿ, ಸಂಘದ ಮುಂದಿನ ದಾರಿ ತೀರ್ಮಾನಿಸೋ ಮಹಾಸಭೆಯ ನೋಟಿಸು ಅದಾದ ಮೇಲೆ ಹೊರಡಲಿ.